ಕುಬಟೂರಿನ ಎರಡು ಗಾಲಿಗಳು

ಶಾಸನಗಳನ್ನು ನೋಡಲೆಂದು ಕುಬಟೂರಿಗೆ ಹೋದವನು ಬೈಸಿಕಲ್ಲಿನ ಎರಡು ಗಾಲಿಗಳನ್ನು ನೋಡಿಕೊಂಡು ಬಂದೆನೆಂದರೆ ವಾಚಕರಿಗೆ ನಗು ಬಂದೀತು. ಆದರೆ ನಡೆದದ್ದು ಹಾಗೆಯೇ. ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಗೆ ಸಮೀಪವಾಗಿರುವ ಈ ಊರು ಈಗ ಚಿಕ್ಕದಾದರೂ ಅದರ ಪೂರ್ವಕಥೆ ದೊಡ್ಡದು. ಚಂದ್ರಹಾಸನ ಕಥೆಯಲ್ಲಿ ಬರುವ ಕುಂತಳ ನಗರವು ಇದೇ ಎಂದು ಜನರು ನಂಬಿದ್ದಾರೆ. 1077ರಲ್ಲಿ ಕದಂಬರ ರಾಣಿ ಮಾಳಲದೇವಿಯು ಇಲ್ಲಿ ಪಾರ್ಶ್ವನಾಥನ ಬಸದಿಯನ್ನು ಮಾಡಿಸಿದಳೆಂದು ಶಾಸನವೊಂದು ಹೇಳುತ್ತದೆ. ಊರಿನ ಕೈಟಭೇಶ್ವರ ದೇವಾಲಯದ ತೆರೆದ ಮಂಟಪದಲ್ಲಿ ನಿಂತರೆ, ತಿರುಗಣೆಯ ಮೇಲೆ ಕಡೆದು ನುಣುಪುಗೊಳಿಸಿದ ಕಂಬಗಳು ಇಂದಿಗೂ ಬೆಳಕನ್ನು ಹಿಡಿದು ಹೊಳೆಯುತ್ತವೆ. ಅವುಗಳ ಮೈಮೇಲೆ ಉಂಗುರದ ಮೇಲೆ ಉಂಗುರ. ಎಲ್ಲವೂ ಒಂದೇ ನಡುವಿನ ಸುತ್ತ ಒಂದಿಷ್ಟೂ ಓರೆಯಿಲ್ಲದೆ ಸುತ್ತಿಬಂದಿವೆ. ತಿರುಗುವುದನ್ನು ನೇರ್ಪಡಿಸುವ ವಿದ್ಯೆ ಈ ಊರಿಗೆ ಹೊಸದಲ್ಲ.

ನಾನು ಇಳಿದುಕೊಂಡಿದ್ದ ಮನೆಯ ಯಜಮಾನರು ವಯೋವೃದ್ಧರು. ಮಧ್ಯಾಹ್ನದ ಊಟ ಮುಗಿದು ಎಲೆ ಅಡಕೆಯ ತಟ್ಟೆ ಮುಂದೆ ಬಂದಾಗ, “ಹಳೆಯದನ್ನು ಓದುವವರಲ್ಲವೆ ನೀವು? ನಮ್ಮ ಮನೆಯಲ್ಲೂ ಒಂದು ಶಾಸನವಿದೆ, ಓದಿ ಹೇಳಿ” ಎಂದು ನಗುತ್ತ, ಮೊಮ್ಮಗನ ಕೈಯಿಂದ ಅಟ್ಟದ ಮೇಲಿದ್ದ ಎರಡು ಗಾಲಿಗಳನ್ನು ಇಳಿಸಿದರು. ಅವರ ತಂದೆಯವರು 1950ರ ದಶಕದಲ್ಲಿ ಮುಂಬಯಿಯಲ್ಲಿ ಕೆಲಸಕ್ಕಿದ್ದಾಗ ಕೊಂಡ ಬೈಸಿಕಲ್ಲಿನ ಗಾಲಿಗಳು ಅವು. ಚೌಕಟ್ಟು ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಗಾಲಿಗಳಿಗೆ ಮಾತ್ರ ಅಟ್ಟದ ಗೌರವ ದೊರೆತಿತ್ತು.

ಆ ಗಾಲಿಗಳಿಗೆ ಈಗ ಮೂವರು ಹಕ್ಕುದಾರರು ಹುಟ್ಟಿಕೊಂಡಿದ್ದರು. ಗುಜರಿಯವನೊಬ್ಬ ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದ. ಹಳೆಯ ಬೈಸಿಕಲ್ಲುಗಳನ್ನು ಕೂಡಿಸುವ ಹವ್ಯಾಸದ ಬೆಂಗಳೂರಿನವರೊಬ್ಬರು ಫೋಟೋ ನೋಡಿ, ಅದರ ಹತ್ತು ಪಾಲು ಕೊಡುವುದಾಗಿ ಹೇಳಿ ಕಳುಹಿಸಿದ್ದರು. ಮೂರನೆಯವನು ಮೊಮ್ಮಗ. ಮುತ್ತಜ್ಜನ ಬೈಸಿಕಲ್ಲನ್ನು ಜೋಡಿಸಿಕೊಂಡು ಅದರ ಮೇಲೆಯೇ ಆನವಟ್ಟಿಯ ಶಾಲೆಗೆ ಹೋಗಬೇಕೆಂಬುದು ಅವನ ಹಟ. “ಇದರ ನಿಜವಾದ ಬೆಲೆ ಏನು? ಹುಡುಗ ಇದರ ಮೇಲೆ ಕುಳಿತುಕೊಳ್ಳಬಹುದೆ?” ಎಂಬುದು ಯಜಮಾನರ ಪ್ರಶ್ನೆ. ಬಾಲ್ಯದ ರಜಾದಿನಗಳನ್ನೆಲ್ಲ ಸೋದರಮಾವನ ಸೈಕಲ್ ಅಂಗಡಿಯಲ್ಲಿ ಕಳೆದ ನನಗೆ ಈ ಪ್ರಶ್ನೆ ಶಾಸನದ ಪ್ರಶ್ನೆಗಿಂತ ಭಾರವಾಗಿ ತೋರಿತು. ಕಲ್ಲಿನ ಓದು ತಪ್ಪಿದರೆ ಇನ್ನೊಬ್ಬ ವಿದ್ವಾಂಸರು ತಿದ್ದಿಯಾರು. ಗಾಲಿಯ ಓದು ತಪ್ಪಿದರೆ ಇಳಿಜಾರಿನಲ್ಲಿ ಮಗುವಿನ ಮೊಣಕಾಲು, ಕೆಲವೊಮ್ಮೆ ತಲೆಯೇ, ಒಡೆದೀತು.

ಲೋಹ ಯಾವುದು?

ಮೊದಲು ನಿಶ್ಚಯಿಸಬೇಕಾದದ್ದು ರಿಮ್ಮಿನ ಲೋಹ. ನಮ್ಮ ಹಳ್ಳಿಗಾಡಿನಲ್ಲಿ ಮೂರು ತಲೆಮಾರುಗಳಿಂದ ಓಡಾಡಿದ ಬೈಸಿಕಲ್ಲುಗಳ ರಿಮ್ಮುಗಳು ಬಹುಮಟ್ಟಿಗೆ ಉಕ್ಕಿನವು, ಮೇಲೆ ಕ್ರೋಮಿಯಂ ಲೇಪವುಳ್ಳವು. ಸ್ವಾತಂತ್ರ್ಯಕ್ಕೆ ಮುಂಚೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ, ನಾಟಿಂಗ್‌ಹ್ಯಾಂಗಳಿಂದ ಬಂದವೂ, ಬಳಿಕ ಮದರಾಸಿನ ಅಂಬತ್ತೂರು, ಬಂಗಾಳದ ಅಸನ್‌ಸೋಲ್, ಪಂಜಾಬಿನ ಲೂಧಿಯಾನಗಳಲ್ಲಿ ತಯಾರಾದವೂ ಹೀಗೆಯೇ ಇದ್ದವು. ಅಕ್ಕಿಮೂಟೆ, ಹಾಲಿನ ಕ್ಯಾನು, ಹೆಂಡತಿ ಮಕ್ಕಳು ಎಲ್ಲರನ್ನೂ ಹೊರಬೇಕಾದ ವಾಹನಕ್ಕೆ ಉಕ್ಕು ತಕ್ಕುದಾಗಿತ್ತು. ಅಲ್ಯೂಮಿನಿಯಂ ಮಿಶ್ರಲೋಹದ ರಿಮ್ಮು ಪಂದ್ಯದ ಸವಾರರ, ಇಲ್ಲವೆ ಹಗುರವಾದ ವಿದೇಶೀ ಬೈಸಿಕಲ್ಲನ್ನು ಕೊಳ್ಳಬಲ್ಲವರ ಸೊತ್ತಾಗಿತ್ತು. ಸೈಕಲ್ ಪಟುಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆಯ ಕಡೆ ಅದರ ಪರಿಚಯವಿರುವಷ್ಟು ಮಲೆನಾಡಿನ ಅಂಚಿನಲ್ಲಿಲ್ಲ.

ಈ ಲೋಹದ ಕಥೆ ಸ್ವಾರಸ್ಯಕರವಾದುದು. ಶುದ್ಧ ಅಲ್ಯೂಮಿನಿಯಂ ಮೆತು, ಗಾಲಿಗೆ ಬಾರದು. 1906ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞನು ಅದಕ್ಕೆ ಸ್ವಲ್ಪ ತಾಮ್ರವನ್ನೂ ಮೆಗ್ನೀಷಿಯಮ್ಮನ್ನೂ ಕೂಡಿಸಿ, ಕಾಯಿಸಿ, ತಟ್ಟನೆ ತಣಿಸಿ ಇಟ್ಟಾಗ, ಕೆಲವು ದಿನಗಳಲ್ಲಿ ಅದು ತಾನಾಗಿ ಗಡುಸಾಗುವುದನ್ನು ಕಂಡನು. ಅದೇ ಡ್ಯೂರಾಲ್ಯುಮಿನ್. ಮೊದಲು ಆಕಾಶನೌಕೆಗಳ ಮೈಗೆ ಸೇರಿದ ಈ ಲೋಹವು ಬೈಸಿಕಲ್ ಪಂದ್ಯಗಳಿಗೂ ಇಳಿಯಿತು. ಅಲ್ಲಿಯವರೆಗೆ ಪಂದ್ಯದ ಸವಾರರು ಮರದ ರಿಮ್ಮುಗಳನ್ನೇ ಬಳಸುತ್ತಿದ್ದರು. 1934ರ ಫ್ರಾನ್ಸ್ ಪರ್ಯಟನ ಪಂದ್ಯದಲ್ಲಿ ಗೆದ್ದ ಆಂತೊನಾಂ ಮಾನ್ಯನು ಮಾವಿಕ್ ಕಂಪೆನಿಯ ಡ್ಯೂರಾಲ್ಯುಮಿನ್ ರಿಮ್ಮುಗಳಿಗೆ ಮರದ ಬಣ್ಣವನ್ನು ಬಳಿಸಿಕೊಂಡು, ಯಾರಿಗೂ ಗೊತ್ತಾಗದಂತೆ ಸವಾರಿ ಮಾಡಿದನೆಂದು ಬೈಸಿಕಲ್ಲಿನ ಚರಿತ್ರಕಾರರು ಹೇಳುತ್ತಾರೆ. ಅದೇ ಬಗೆಯ ರಿಮ್ಮಿಗೆ ಇಟಲಿಯ ಮಾರಿಯೊ ಲಾಂಗಿ ಎಂಬವನು ಸ್ವಲ್ಪವೇ ಮುಂಚೆ ಸ್ವಾಮ್ಯದ ಹಕ್ಕನ್ನು ಕೇಳಿದ್ದರಿಂದ ಮಾವಿಕ್ ಅವನಿಂದ ಅನುಮತಿ ಪಡೆಯಬೇಕಾಯಿತಂತೆ. ಲೋಹವನ್ನು ಮರದಂತೆ ತೋರಿಸಿದ ಕಾಲ ಅದು. ಈಗಿನ ಮಾರಾಟಗಾರರಲ್ಲಿ ಕೆಲವರು ಉಕ್ಕನ್ನು ಮಿಶ್ರಲೋಹವೆಂದು ತೋರಿಸುವವರು.

ಗುರುತಿಸುವ ಬಗೆ ಕಷ್ಟವಲ್ಲ. ಒಂದು ಚಿಕ್ಕ ಅಯಸ್ಕಾಂತ ಸಾಕು. ಉಕ್ಕಾದರೆ ಅದನ್ನು ಹಿಡಿಯುತ್ತದೆ, ಮಿಶ್ರಲೋಹವಾದರೆ ಹಿಡಿಯದು. ಆದರೆ ಇಷ್ಟಕ್ಕೇ ತೀರ್ಪು ಕೊಡಬಾರದು. ತುಕ್ಕು ಹಿಡಿಯದ ಉಕ್ಕಿನ ಕೆಲವು ಜಾತಿಗಳೂ ಅಯಸ್ಕಾಂತಕ್ಕೆ ಒಲಿಯುವುದಿಲ್ಲ. ಆಗ ಕೈಯೇ ತಕ್ಕಡಿ. ಒಂದೇ ಗಾತ್ರದ ಉಕ್ಕಿನ ತೂಕದ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಅಲ್ಯೂಮಿನಿಯಂ ತೂಗುತ್ತದೆ. ರಿಮ್ಮಿನ ಗೋಡೆಯನ್ನು ದಪ್ಪವಾಗಿ ಮಾಡಬೇಕಾದ್ದರಿಂದ ಲಾಭ ಅಷ್ಟು ಉಳಿಯದಿದ್ದರೂ ಎತ್ತಿದ ಕೂಡಲೆ ವ್ಯತ್ಯಾಸ ತಿಳಿಯುತ್ತದೆ. ಕೊಳೆಯ ಬಣ್ಣವೂ ಸಾಕ್ಷಿ ಹೇಳುತ್ತದೆ: ಉಕ್ಕಿಗೆ ಕೆಂಪು ತುಕ್ಕು, ಅಲ್ಯೂಮಿನಿಯಮ್ಮಿಗೆ ಬಿಳಿಯ ಹಿಟ್ಟು. ಕುಬಟೂರಿನ ಗಾಲಿಗಳು ಅಯಸ್ಕಾಂತವನ್ನು ಹಿಡಿಯಲಿಲ್ಲ. ಕಡ್ಡಿಗಳ ಬುಡದಲ್ಲಿ ಬಿಳಿಯ ಹಿಟ್ಟು ಕೂತಿತ್ತು. ಮಿಶ್ರಲೋಹವೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಗುಜರಿಯವನೂ ಇಷ್ಟನ್ನು ತಿಳಿದಿದ್ದನು. ಅವನ ವಿದ್ಯೆ ಅಲ್ಲಿಗೆ ನಿಂತಿತ್ತು.

ಹೆಸರಿಲ್ಲದ ಶಾಸನ

ಇನ್ನು ಊರು ಮತ್ತು ಕಾಲ. ರಿಮ್ಮಿನ ಮೇಲೆ ತಯಾರಕರ ಮುದ್ರೆ ಇದ್ದರೆ ಕೆಲಸ ಸುಲಭ. ಇಂಗ್ಲೆಂಡಿನ ಡನ್‌ಲಪ್, ಸ್ವಿಟ್ಜರ್‌ಲೆಂಡಿನ ವೈನ್‌ಮನ್, ಫ್ರಾನ್ಸಿನ ಮಾವಿಕ್ ಮತ್ತು ರಿಜಿಡಾ, ಇಟಲಿಯ ಫಿಯಾಮೆ ಮತ್ತು ನಿಸಿ, ಜಪಾನಿನ ಅರಾಯ ಎಂಬವು ಹಳೆಯ ಮಿಶ್ರಲೋಹದ ರಿಮ್ಮುಗಳ ಮೇಲೆ ಕಾಣಬರುವ ಹೆಸರುಗಳಲ್ಲಿ ಕೆಲವು. ಆದರೆ ಕುಬಟೂರಿನ ಗಾಲಿಗಳ ಮೇಲಿದ್ದ ಮುದ್ರೆ ಸವೆದುಹೋಗಿತ್ತು. ‘26’ ಎಂಬ ಅಂಕೆಯೂ ಗುಣಿಸುವ ಚಿಹ್ನೆಯೂ ಉಳಿದಿದ್ದವು, ಮುಂದಿನದೆಲ್ಲ ನಯವಾಗಿತ್ತು.

ಕಾಲನಿರ್ದೇಶವಿಲ್ಲದ ಶಾಸನ ದೊರೆತಾಗ ಪಂಡಿತರು ಕೈಚೆಲ್ಲಿ ಕೂರುವುದಿಲ್ಲ. ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಸೊರಬ ತಾಲ್ಲೂಕಿನ ಶಾಸನಗಳಿವೆ. ದೊರೆಯ ಹೆಸರು ಅಳಿದಿದ್ದರೂ ಅಕ್ಷರದ ತಲೆಕಟ್ಟು ಹೇಗಿದೆ, ಕೊಂಬು ಎತ್ತ ಬಾಗಿದೆ ಎಂಬುದನ್ನು ನೋಡಿ ಶತಮಾನವನ್ನು ಊಹಿಸುವುದು ಆ ವಿದ್ಯೆಯ ಕ್ರಮ. ಗಾಲಿಯಲ್ಲಿಯೂ ಹಾಗೆಯೇ, ಹೆಸರು ಅಳಿದಾಗ ಆಕಾರವೇ ಅಕ್ಷರ.

ರಿಮ್ಮಿನ ಅಡ್ಡಕೊಯ್ತವನ್ನು ಮೊದಲು ನೋಡಬೇಕು. ನಮಗೆಲ್ಲ ಪರಿಚಿತವಾದ ಕಪ್ಪು ಬೈಸಿಕಲ್ಲಿನ ರಿಮ್ಮಿಗೆ ವೆಸ್ಟ್‌ವುಡ್ ಎಂದು ಹೆಸರು. ಅದರ ಅಂಚುಗಳು ದುಂಡಗಿರುತ್ತವೆ. ಬ್ರೇಕಿನ ರಬ್ಬರು ಕಂಬಿಯ ಸೆಳೆತದಿಂದ ಮೇಲಕ್ಕೆದ್ದು ರಿಮ್ಮಿನ ಒಳಮೈಯನ್ನು ಒತ್ತುತ್ತದೆ. ಎಂಡ್ರಿಕ್ ಎಂಬ ಇನ್ನೊಂದು ಬಗೆಗೆ ಪಕ್ಕದ ಗೋಡೆಗಳು ಚಪ್ಪಟೆ. ಇಕ್ಕಳದಂತಹ ಬ್ರೇಕು ಎರಡೂ ಪಕ್ಕದಿಂದ ಹಿಡಿಯುತ್ತದೆ. ಮೂರನೆಯದು ಪಂದ್ಯದ ರಿಮ್ಮು. ಇದು ಟೊಳ್ಳಾದ ಪೆಟ್ಟಿಗೆಯಂತಿದ್ದು, ಟೈರಿನ ಅಂಚು ಕೂರುವ ತೋಡೇ ಇರುವುದಿಲ್ಲ. ಹೊಲಿದ ಕೊಳವೆ ಟೈರನ್ನು ಅಂಟಿನಿಂದ ಅಂಟಿಸಬೇಕು. ಈ ಮೂರನೆಯದು ಎಷ್ಟೇ ಚೆನ್ನಾಗಿದ್ದರೂ ಸಾಮಾನ್ಯ ಟೈರಿಗೆ ಬಾರದೆಂಬುದನ್ನು ಕೊಳ್ಳುವವರು ಮರೆಯಬಾರದು. ನಮ್ಮ ಮುಂದಿದ್ದವು ಎಂಡ್ರಿಕ್ ಬಗೆಯವು.

ಆಮೇಲೆ ಕಡ್ಡಿಯ ತೂತುಗಳನ್ನು ಎಣಿಸಬೇಕು. ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಇದ್ದರೆ ಅದು ಇಂಗ್ಲೆಂಡಿನ ಸಂಪ್ರದಾಯ. ನಮ್ಮ ದೇಶದ ಕಪ್ಪು ಬೈಸಿಕಲ್ಲುಗಳೂ ಅದನ್ನೇ ಅನುಸರಿಸಿದವು. ಎರಡರಲ್ಲಿಯೂ 36 ಇದ್ದರೆ ಯೂರೋಪಿನ ಉಳಿದ ದೇಶಗಳ ರೂಢಿ. ಹುಡುಗನೇ ಬೆರಳಿಟ್ಟು ಎಣಿಸಿದನು: 32, 40. ಹಿಂದಿನ ಗಾಲಿ ಹೆಚ್ಚು ಭಾರ ಹೊರುವುದರಿಂದ ಅದಕ್ಕೆ ಹೆಚ್ಚು ಕಡ್ಡಿ ಎಂದು ಹೇಳಿದಾಗ ಅವನಿಗೆ ಆಶ್ಚರ್ಯವಾಯಿತು. ಇಂಗ್ಲೆಂಡಿನ ಮಾದರಿಯ, ಚಪ್ಪಟೆ ಗೋಡೆಯ, ಇಕ್ಕಳದ ಬ್ರೇಕಿನ ಹಗುರ ಬೈಸಿಕಲ್ಲು ಎಂದಷ್ಟು ನಿಶ್ಚಯವಾಯಿತು. ಯಜಮಾನರು ಹೇಳಿದ ಮುಂಬಯಿಯ ಕಥೆಗೆ ಇದು ಹೊಂದುತ್ತಿತ್ತು. ಇದಕ್ಕಿಂತ ಹೆಚ್ಚಾಗಿ, ಇಂಥ ಕಂಪೆನಿಯದೇ ಎಂದು ಹೇಳುವುದು ಊಹೆಯಾದೀತು; ಬೆಂಗಳೂರಿನವರಿಗೆ ಊಹೆಯನ್ನು ಮಾರುವುದು ನ್ಯಾಯವಲ್ಲ.

ದಾರದ ಲೆಕ್ಕ

ಅಳಿದುಹೋದ ಅಂಕೆಯ ಪ್ರಶ್ನೆ ಇನ್ನೂ ಉಳಿದಿತ್ತು. ಬೈಸಿಕಲ್ಲಿನ ಲೋಕದಲ್ಲಿ ಅಂಗುಲದ ಅಳತೆಯಷ್ಟು ಮೋಸಗೊಳಿಸುವುದು ಬೇರೊಂದಿಲ್ಲ. 26 × 1⅜ ಮತ್ತು 26 × 1¼ ಎಂಬ ಎರಡು ಅಳತೆಗಳನ್ನು ಕೇಳಿದವರು, ಒಂದು ಸ್ವಲ್ಪ ದಪ್ಪ, ಇನ್ನೊಂದು ಸ್ವಲ್ಪ ತೆಳುವು, ಅಷ್ಟೇ ಎಂದುಕೊಳ್ಳುವರು. ಹಾಗಲ್ಲ. ಟೈರಿನ ಅಂಚು ಕೂರುವ ಸ್ಥಳದಲ್ಲಿ ಮೊದಲನೆಯದರ ವ್ಯಾಸ 590 ಮಿಲಿಮೀಟರು, ಎರಡನೆಯದರದು 597. ಮೊದಲನೆಯದರ ಟೈರು ಎರಡನೆಯದರ ಮೇಲೆ ಏರುವುದೇ ಇಲ್ಲ. ಎರಡನೆಯದರ ಟೈರು ಮೊದಲನೆಯದರ ಮೇಲೆ ಸಡಿಲವಾಗಿ ಕೂತು, ಗಾಳಿ ತುಂಬಿದಾಗ ಕಳಚಿಕೊಂಡೀತು. 26 × 1⅜ರ ಟೈರು ನಮ್ಮ ಅಂಗಡಿಗಳಲ್ಲಿ ಸಿಗುವಂಥದು. 1¼ರದನ್ನು ಹುಡುಕಿ ತರಿಸಬೇಕು. ನಮ್ಮ ಕಪ್ಪು ಬೈಸಿಕಲ್ಲಿನ 28 × 1½ರದು 635 ಮಿಲಿಮೀಟರು ಎಂಬುದನ್ನೂ ಇಲ್ಲಿಯೇ ನೆನೆಯಬಹುದು.

ಇದನ್ನು ತಿಳಿಯಲು ಯಂತ್ರ ಬೇಡ. ಹಿಗ್ಗದ ದಾರವೊಂದನ್ನು ಟೈರಿನ ಅಂಚು ಕೂರುವ ಮೆಟ್ಟಿಲಿನ ಮೇಲೆ ಬಿಗಿಯಾಗಿ ಸುತ್ತಿ, ಬಿಡಿಸಿ ಅಳೆಯಬೇಕು. 590ರ ವ್ಯಾಸಕ್ಕೆ ಸುತ್ತಳತೆ ಸುಮಾರು 1853 ಮಿಲಿಮೀಟರು, 597ಕ್ಕೆ ಸುಮಾರು 1875. ವ್ಯಾಸದಲ್ಲಿ ಏಳು ಮಿಲಿಮೀಟರಾಗಿ ಅಡಗಿದ್ದ ಭೇದ ದಾರದಲ್ಲಿ ಇಪ್ಪತ್ತೆರಡಾಗಿ ಬಯಲಾಗುತ್ತದೆ. ಶಾಲೆಯಲ್ಲಿ ವೃತ್ತದ ಪರಿಧಿಯ ಲೆಕ್ಕವನ್ನು ಬಾಯಿಪಾಠ ಮಾಡಿದ್ದ ಹುಡುಗ, ಅದು ಜಗಲಿಯ ಮೇಲೆ ಕೆಲಸಕ್ಕೆ ಬಂದುದನ್ನು ಅಂದು ಮೊದಲ ಬಾರಿ ಕಂಡನು. ನಮ್ಮ ದಾರ 1854ಕ್ಕೆ ನಿಂತಿತು. ಅಳಿದ ಅಂಕೆ 1⅜ ಎಂದಾಯಿತು.

ಬಳಪ ಹೇಳಿದ ಸತ್ಯ

ಗುರುತು ಹಿಡಿಯುವುದು ಒಂದು, ಗುಣ ಅರಿಯುವುದು ಇನ್ನೊಂದು. ಹೆಸರು ದೊಡ್ಡದಾಗಿ ಮೈ ಸತ್ತುಹೋಗಿರುವ ರಿಮ್ಮುಗಳು ಎಷ್ಟೋ. ಎತ್ತಿನಗಾಡಿಯ ಗಾಲಿಯಲ್ಲಿ ಮರದ ಕಾಲುಗಳು ಕಂಬಗಳಂತೆ ನಿಂತು ಭಾರ ಹೊರುತ್ತವೆ. ಬೈಸಿಕಲ್ಲಿನ ತೆಳ್ಳನೆಯ ಕಡ್ಡಿ ಹಾಗೆ ನಿಲ್ಲಲಾರದು, ಬಾಗಿಬಿಡುತ್ತದೆ. ಅಲ್ಲಿ ಪ್ರತಿಯೊಂದು ಕಡ್ಡಿಯೂ ರಿಮ್ಮನ್ನು ನಡುವಿನ ಗುಂಬದ ಕಡೆಗೆ ಎಳೆಯುತ್ತಿರುತ್ತದೆ. ಎಲ್ಲರೂ ಸಮನಾಗಿ ಎಳೆದಾಗ ಗಾಲಿ ನೇರವಾಗಿ ನಿಲ್ಲುತ್ತದೆ. ಸವಾರ ಕುಳಿತಾಗ ನೆಲದ ಕಡೆಯ ಕಡ್ಡಿಗಳ ಎಳೆತ ತುಸು ತಗ್ಗುತ್ತದೆ, ಗಾಲಿ ಉರುಳಿದಾಗ ಮತ್ತೆ ಏರುತ್ತದೆ. ಅಟ್ಟದ ಮೇಲೆ ಸುಮ್ಮನೆ ತೂಗುಬಿದ್ದ ಗಾಲಿಯಲ್ಲಿಯೂ ಈ ಎಳೆದಾಟ ನಿಲ್ಲುವುದಿಲ್ಲ. ಆದ್ದರಿಂದ ಹಳೆಯ ರಿಮ್ಮು ಸೋಲುವುದು ಸಾಮಾನ್ಯವಾಗಿ ಎರಡೇ ಸ್ಥಳಗಳಲ್ಲಿ: ಬ್ರೇಕು ಉಜ್ಜುವ ಗೋಡೆಯಲ್ಲಿ, ಇಲ್ಲವೆ ಕಡ್ಡಿ ಎಳೆಯುವ ತೂತಿನ ಸುತ್ತ.

ಗೋಡೆಗೆ ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ತಗಲಿಸಿ ಬೆಳಕಿಗೆ ಹಿಡಿಯಬೇಕು. ನಡುವೆ ಬೆಳಕು ನುಸುಳಿದರೆ ಗೋಡೆ ತೋಡಾಗಿದೆ ಎಂದರ್ಥ. ಬಳಿಕ ದಪ್ಪವನ್ನು ಅಳೆಯಬೇಕು. ಅಂಚಿಗೆ ಒಳಗಿನಿಂದ ಕೊಕ್ಕೆ ಇರುವ ರಿಮ್ಮಾದರೆ ಅಳತೆಯ ಮಾಪಕ ಗೋಡೆಗೆ ತಗಲದು. ಆಗ ಗುಂಬದ ಕಾಲಂಗುಲದ ಉಕ್ಕಿನ ಗುಂಡೊಂದನ್ನು ಒಳಗೆ ತಗಲಿಸಿ, ಎರಡನ್ನೂ ಸೇರಿಸಿ ಅಳೆದು, ಗುಂಡಿನ ವ್ಯಾಸವನ್ನು ಕಳೆದರಾಯಿತು. ಒಂದು ಮಿಲಿಮೀಟರಿಗಿಂತ ಕಡಮೆ ಉಳಿದ ಗೋಡೆಯನ್ನು ನಂಬಬಾರದು. ಗಾಳಿಯ ಒತ್ತಡಕ್ಕೆ ಅದು ಯಾವ ದಿನವಾದರೂ ಸೀಳೀತು. ನಮ್ಮ ಎರಡು ಗಾಲಿಗಳೂ ಈ ಪರೀಕ್ಷೆಯಲ್ಲಿ ಗೆದ್ದವು. ಕೊಕ್ಕೆಯಿಲ್ಲದ ನೇರ ಗೋಡೆಯ ರಿಮ್ಮುಗಳಾದ್ದರಿಂದ ಗಾಳಿಯನ್ನು ಮಿತವಾಗಿ ತುಂಬಬೇಕೆಂಬ ಎಚ್ಚರಿಕೆಯೊಂದನ್ನು ಮಾತ್ರ ಹೇಳಿದೆ.

ಇನ್ನು ತೂತುಗಳು. ಬಿರುಕು ಕೂದಲಿನಷ್ಟು ಸಣ್ಣದಾಗಿದ್ದರೆ ಬರಿಗಣ್ಣಿಗೆ ಕಾಣದು. ಅದಕ್ಕೆ ರೈಲ್ವೆ ಕಾರ್ಖಾನೆಗಳ ಹಳೆಯ ಉಪಾಯವೊಂದಿದೆ. ಸೀಮೆಎಣ್ಣೆಯನ್ನು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೇಲ್ಮೈಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸುಣ್ಣದ ಬಳಪದ ನುಣ್ಣನೆಯ ಪುಡಿಯನ್ನು ತಟ್ಟಬೇಕು. ಬಿರುಕಿನೊಳಗೆ ಅಡಗಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಹುಡುಗ ಶಾಲೆಯ ಚೀಲದಿಂದ ಬಳಪ ತಂದು ಕುಟ್ಟಿದನು. ಮುಂದಿನ ಗಾಲಿಯ ಮೂವತ್ತೆರಡು ತೂತುಗಳ ಸುತ್ತಲೂ ಪುಡಿ ಬೆಳ್ಳಗೆಯೇ ಉಳಿಯಿತು. ಹಿಂದಿನ ಗಾಲಿಯಲ್ಲಿ ಮೊದಲು ಏನೂ ಕಾಣಲಿಲ್ಲ. ನಾವು ಕಾಫಿ ಕುಡಿದು ಬಂದು ನೋಡುವಷ್ಟರಲ್ಲಿ ಮೂರು ತೂತುಗಳ ಅಂಚಿನಿಂದ ತೆಳ್ಳನೆಯ ಕಪ್ಪು ಗೆರೆಗಳು ಹೊರಟಿದ್ದವು. ಒಂದು ಗೆರೆ ಪಕ್ಕದ ತೂತಿನ ಕಡೆಗೆ ಅರ್ಧ ದಾರಿ ನಡೆದಿತ್ತು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕಡ್ಡಿಯ ತುದಿಯ ಹಿತ್ತಾಳೆಯ ತಿರುಪು, ಅಲ್ಯೂಮಿನಿಯಂ, ಮಲೆನಾಡಿನ ತೇವ ಮೂರೂ ಸೇರಿದಲ್ಲಿ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ನಾವು ಮೊದಲು ಕಂಡ ಬಿಳಿಯ ಹಿಟ್ಟು ಆ ಸವೆತದ ಬೂದಿ. ಉಕ್ಕಾದರೋ ತನ್ನ ಮಿತಿಯೊಳಗಿನ ಎಳೆತವನ್ನು ಎಷ್ಟು ಲಕ್ಷ ಬಾರಿಯಾದರೂ ತಾಳಿಕೊಂಡೀತು. ಅಲ್ಯೂಮಿನಿಯಮ್ಮಿಗೆ ಅಂತಹ ಖಚಿತವಾದ ಮಿತಿ ಇಲ್ಲ. ಸಣ್ಣ ಎಳೆತವೂ ಬಹುಕಾಲ ಮರುಕಳಿಸಿದರೆ ಅದನ್ನು ದಣಿಸುತ್ತದೆ. ಹೊರಗೆ ಬೆಳ್ಳಿಯಂತೆ ಹೊಳೆಯುತ್ತಲೇ ಒಳಗೆ ದಣಿದಿರುವುದು ಈ ಲೋಹದ ಸ್ವಭಾವ.

ಮೂವರಿಗೆ ಮೂರು ಉತ್ತರ

ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಪುಡಿ ಒರೆಸಿಬಿಟ್ಟರೆ ಕಾಣುವುದಿಲ್ಲ ಅಲ್ಲವೆ?” ಎಂದರು. ಒರೆಸಿದರು, ಗೆರೆ ಮಾಯವಾಯಿತು. ಬೆಂಗಳೂರಿನವರು ಫೋಟೋ ಮಾತ್ರ ನೋಡಿದ್ದವರು. ಗಾಲಿಯನ್ನು ಉಜ್ಜಿ ಹೊಳಪು ಕೊಟ್ಟು ಕಳುಹಿಸಿದ್ದರೆ ಬೆಲೆ ಬರುತ್ತಿತ್ತು. ನಾನೇನೂ ಹೇಳದೆ ಮೊಮ್ಮಗನ ಕಡೆ ನೋಡಿದೆ. ಯಜಮಾನರೂ ಅತ್ತಲೇ ನೋಡುತ್ತಿದ್ದರು. ಅವರು ಒಂದು ಮೊಳೆಯನ್ನು ತರಿಸಿ, ಮೂರು ಬಿರುಕುಗಳ ಪಕ್ಕದಲ್ಲಿಯೂ ಅಳಿಸಲಾಗದಂತೆ ಒಂದೊಂದು ಗೀರು ಎಳೆದರು. “ಇನ್ನು ನಾನು ಸತ್ತ ಮೇಲೂ ಯಾರೂ ಮೋಸ ಹೋಗಲಾರರು” ಎಂದರು.

ನನ್ನ ತೀರ್ಪು ಹೀಗಿತ್ತು. ಹಿಂದಿನ ರಿಮ್ಮು ಸವಾರಿಗೆ ಸಲ್ಲದು. ಆ ಸ್ಥಾನಕ್ಕೆ ಅದೇ ಅಳತೆಯ, 40 ತೂತಿನ, ಉಕ್ಕಿನ ಹೊಸ ರಿಮ್ಮನ್ನು ಹಾಕಿಸುವುದು. ಹೆಚ್ಚಿನ ಭಾರ ಬೀಳುವುದು ಅಲ್ಲಿಯೇ ಆದ್ದರಿಂದ ಉಕ್ಕು ಅಲ್ಲಿಗೆ ತಕ್ಕುದು. ಮುಂದಿನ ರಿಮ್ಮಿನ ಕಡ್ಡಿಗಳನ್ನು ಸಡಿಲಿಸಿ, ಬಿಡಿಸಿ, ಜಗಲಿಯ ಚಪ್ಪಟೆ ಕಲ್ಲಿನ ಮೇಲಿಟ್ಟು ನೋಡುವುದು. ಎಳೆತವಿಲ್ಲದಾಗಲೂ ಅದು ಅಲುಗದೆ ಕೂತರೆ ಮೈ ನೇರವಾಗಿದೆ ಎಂದರ್ಥ. ಹೊಸ ಕಡ್ಡಿ ಹಾಕಿ ಬೆಂಡು ತೆಗೆಸಿ ಬಳಸಬಹುದು. ಬೈಸಿಕಲ್ಲನ್ನು ಹೆಚ್ಚಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ಕ್ರೋಮಿಯಂ ಲೇಪದ ಉಕ್ಕು ಮಳೆಯಲ್ಲಿ ನೆನೆದರೆ ರಬ್ಬರಿನ ಹಿಡಿತ ಜಾರಿ, ಬ್ರೇಕು ಇದ್ದೂ ಇಲ್ಲದಂತಾಗುವುದನ್ನು ಆಷಾಢದ ಮಳೆಯಲ್ಲಿ ಸವಾರಿ ಮಾಡಿದವರೆಲ್ಲರೂ ಬಲ್ಲರು. ಮಿಶ್ರಲೋಹದ ಮೈ ನೆನೆದಾಗಲೂ ಬಹುಮಟ್ಟಿಗೆ ಹಿಡಿಯುತ್ತದೆ. ಮುಂದೆ ಮುತ್ತಜ್ಜನ ಅಲ್ಯೂಮಿನಿಯಂ, ಹಿಂದೆ ಇಂದಿನ ಉಕ್ಕು. ಹುಡುಗನಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು.

ರಿಮ್ಮನ್ನು ಅಂದೇ ಬಿಡಿಸಿ ಕಲ್ಲಿನ ಮೇಲಿಟ್ಟೆವು. ಅದು ಅಲುಗಲಿಲ್ಲ.

ಹಳೆಯ ವಸ್ತುಗಳ ಮೇಲಿನ ಪ್ರೀತಿ ಈಚೆಗೆ ಪಟ್ಟಣಗಳಲ್ಲಿ ಹೆಚ್ಚಿದೆ; ಸಂತೋಷದ ಸಂಗತಿ. ಆದರೆ ಹೆಸರಿಗೆ ಬೆಲೆ ಕಟ್ಟುವವರು ಹೆಚ್ಚು, ಮೈಯನ್ನು ಪರೀಕ್ಷಿಸುವವರು ಕಡಮೆ. ಗುಜರಿಯವನು ತೂಕವನ್ನು ಕಂಡನು, ಹವ್ಯಾಸಿಗಳು ಹೊಳಪನ್ನು ಕಂಡರು. ಅದರ ಮೇಲೆ ಕೂರಬೇಕಾದವನ ದೃಷ್ಟಿಯಿಂದ ನೋಡಿದಾಗಲೇ ಗಾಲಿಯ ನಿಜವಾದ ಬೆಲೆ ಹೊರಬಿದ್ದುದು. ಒಡೆದ ಶಾಸನವನ್ನು ಯಾರೂ ಎಸೆಯುವುದಿಲ್ಲ. ಹಾಗೆಂದು ಅದನ್ನು ಮನೆಯ ತೊಲೆಗೆ ಊರುಗೋಲಾಗಿ ಕೊಡುವುದೂ ಇಲ್ಲ. ಬಿರುಕುಬಿಟ್ಟ ಆ ಹಿಂದಿನ ರಿಮ್ಮು ಈಗ ಕುಬಟೂರಿನ ಆ ಮನೆಯ ನಡುಮನೆಯ ಗೋಡೆಯ ಮೇಲೆ, ಮೂರು ಗೀರುಗಳೊಡನೆ, ತೂಗುತ್ತಿದೆ. ಅದರ ಜೊತೆಗಾರ ಮಾತ್ರ ದಿನವೂ ಬೆಳಿಗ್ಗೆ ಆನವಟ್ಟಿಗೆ ಹೋಗಿ ಸಂಜೆ ಮನೆಗೆ ಬರುತ್ತಿದೆಯಂತೆ.